ಹೊಸ ವಿಂಡೋಸ್ ಬಂತು, ಹಳೆ ಪ್ರಿಂಟರ್ ಮುನಿಸಿಕೊಂಡಿತು!

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮರುದಿನ ಸದ್ದಿಲ್ಲ, ಮುದ್ರಣವಿಲ್ಲ, ಇಂಟರ್‌ನೆಟ್ ಇಲ್ಲ. ‘ಫಾರ್ಮ್ಯಾಟ್ ಮಾಡಿಬಿಡಿ’ ಎನ್ನುವ ಮುನ್ನ ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡಿದು ಕೂರಿ. ಕೆಟ್ಟಿರುವುದು ಯಂತ್ರವೇ ಆಗಿರಬೇಕೆಂದಿಲ್ಲ.

ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಶಿವಮೊಗ್ಗದಿಂದ ಅಕ್ಕನ ಮಗನ ಫೋನು. ಡಿಪ್ಲೊಮಾ ಕೊನೆಯ ವರ್ಷದ ಹುಡುಗ. ಅಳುವುದೊಂದು ಬಾಕಿ.

“ಮಾಮ, ವಿಂಡೋಸ್ ಹನ್ನೊಂದು ಹಾಕಿದ್ವಿ. ಈಗ ಸೌಂಡ್ ಇಲ್ಲ, ವೈಫೈ ಕಾಣ್ತಿಲ್ಲ, ಪ್ರಿಂಟರ್ ಇದೆ ಅಂತಲೇ ಅದಕ್ಕೆ ಗೊತ್ತಾಗ್ತಿಲ್ಲ. ಶುಕ್ರವಾರ ಪ್ರಾಜೆಕ್ಟ್ ರಿಪೋರ್ಟ್ ಕೊಡ್ಬೇಕು.”

ಹಿಂದಿನಿಂದ ಭಾವನ ದನಿ: “ಅಂಗಡಿಯವನು ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕ್ಬೇಕು ಅಂತಾನೆ. ಇಲ್ಲಾಂದ್ರೆ ಹೊಸ ಲ್ಯಾಪ್‌ಟಾಪೇ ತಗೊಳ್ಳಿ ಅಂತಾನೆ. ಏನ್ ಮಾಡೋಣ ಹೇಳಪ್ಪ.”

ಅಷ್ಟರಲ್ಲಿ ಅಕ್ಕನ ಅತ್ತೆ ಫೋನಿನ ಹತ್ತಿರ ಬಂದರು. “ಅದಕ್ಕೆ ಡ್ರೈವರ್ ಇಲ್ವಂತೆ ಕಣಪ್ಪ. ಬೇರೆ ಡ್ರೈವರ್‌ನ ಕರೆದ್ರಾಯ್ತು. ಡ್ರೈವರ್ ಬರ್ಲಿಲ್ಲ ಅಂತ ಯಾರಾದ್ರೂ ಗಾಡಿ ಮಾರ್ತಾರಾ?”

ಎಲ್ಲರೂ ನಕ್ಕರು. ಆದರೆ ಆ ರಾತ್ರಿ ಮಾತಾಡಿದವರಲ್ಲಿ ರೋಗವನ್ನೂ ಮದ್ದನ್ನೂ ಸರಿಯಾಗಿ ಹೇಳಿದವರು ಆ ಹಿರಿಯರೊಬ್ಬರೇ.

ಫಾರ್ಮ್ಯಾಟ್ ಎಂಬ ಮಾತಿಗೆ ನನ್ನ ಎದೆ ಧಸಕ್ಕೆಂದಿತ್ತು. ಆ ಲ್ಯಾಪ್‌ಟಾಪಿನ ಡಿ ಡ್ರೈವಿನಲ್ಲಿ ಹುಡುಗನ ಪ್ರಾಜೆಕ್ಟಿನ ಜೊತೆಗೆ ಇನ್ನೊಂದು ಕಡತಕೋಶವಿತ್ತು. ಭಾವನ ತಂದೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಎರಡೇ ಬೆರಳಿನಲ್ಲಿ ಕೀಲಿಮಣೆ ಒತ್ತುತ್ತಾ, ತಮ್ಮ ಊರಿನ ಕೆರೆ, ಶಾಲೆ, ಜಾತ್ರೆಗಳ ನೆನಪುಗಳನ್ನು ವರ್ಷಗಟ್ಟಲೆ ಕನ್ನಡದಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡು ಎರಡು ವರ್ಷ. ಆ ಬರಹಕ್ಕೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

“ಯಾರೂ ಏನನ್ನೂ ಮುಟ್ಟಬೇಡಿ. ಮೊದಲು ಡಿ ಡ್ರೈವಿನಲ್ಲಿ ಇರುವುದನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ” ಎಂದೆ. ದುರಸ್ತಿ ಶುರುವಾದದ್ದು ಆಮೇಲೆ.

ಯಾರೀ ಡ್ರೈವರ್?

ಒಂದು ಸರ್ಕಾರಿ ಕಚೇರಿಯನ್ನು ಕಲ್ಪಿಸಿಕೊಳ್ಳಿ. ಮೇಲಿನ ಸಾಹೇಬರು ಎಲ್ಲ ಕೆಲಸಕ್ಕೂ ಅಪ್ಪಣೆ ಕೊಡುವವರು. ಆದರೆ ಮುದ್ರಣದವನ ಭಾಷೆ ಬೇರೆ, ಧ್ವನಿವರ್ಧಕದವನ ಭಾಷೆ ಬೇರೆ, ತಂತಿ ಸಂಪರ್ಕದವನದು ಇನ್ನೂ ಬೇರೆ. ಸಾಹೇಬರ ಮಾತನ್ನು ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲಿ ತಿಳಿಸಲು ಒಬ್ಬೊಬ್ಬ ದುಭಾಷಿ ಇದ್ದಾನೆ. ಕಂಪ್ಯೂಟರಿನಲ್ಲಿ ಆ ಸಾಹೇಬರೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ಆ ದುಭಾಷಿಯೇ ಡ್ರೈವರ್ ಎಂಬ ಪುಟ್ಟ ತಂತ್ರಾಂಶ.

ಒಂದು ದಿನ ಹಳೆಯ ಸಾಹೇಬರು ವರ್ಗವಾಗಿ ಹೊಸಬರು ಬರುತ್ತಾರೆ. ಅವರ ರೀತಿ ರಿವಾಜು ಬೇರೆ. ಕೆಲವು ದುಭಾಷಿಗಳು ಹೊಂದಿಕೊಳ್ಳುತ್ತಾರೆ, ಕೆಲವರಿಗೆ ಹೊಸ ಸಾಹೇಬರ ಮಾತೇ ತಿಳಿಯದು, ಇನ್ನು ಕೆಲವರು ಗುರುತಿನ ಚೀಟಿ ಇಲ್ಲವೆಂದು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಮುದ್ರಣದವನು ಆರೋಗ್ಯವಾಗಿಯೇ ಕುಳಿತಿದ್ದಾನೆ, ಆದರೆ ಅವನಿಗೆ ಅಪ್ಪಣೆ ತಲುಪುತ್ತಿಲ್ಲ. ಮೇಲ್ದರ್ಜೆಗೇರಿಸಿದ ನಂತರ ಕಾಣುವ ಬಹಳಷ್ಟು ತೊಂದರೆಗಳ ತಿರುಳು ಇಷ್ಟೇ.

ಈ ದುಭಾಷಿಗಳಲ್ಲಿ ಅನೇಕರಿಗೆ ಕೂರಲು ಜಾಗ ಸಾಹೇಬರ ಕೋಣೆಯೊಳಗೇ, ಅಂದರೆ ವ್ಯವಸ್ಥೆಯ ಒಡಲಿನಲ್ಲೇ. ಆದ್ದರಿಂದ ಅವರಲ್ಲೊಬ್ಬ ಎಡವಿದರೆ ಇಡೀ ಕಚೇರಿಯೇ ನಿಂತುಹೋಗಬಹುದು. 2024ರ ಜುಲೈ 19ರಂದು ಜಗತ್ತು ಇದನ್ನು ಕಣ್ಣಾರೆ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಅಂದು ಒಂದು ದೋಷಪೂರಿತ ಕಡತ ಬಂದಿಳಿಯಿತು. ಅದನ್ನು ಓದಿದ ಡ್ರೈವರ್ ಮುಗ್ಗರಿಸಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಇಷ್ಟಾದರೂ ಒಂದೇ ಒಂದು ಯಂತ್ರದ ಭಾಗ ಸುಟ್ಟಿರಲಿಲ್ಲ. ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ತೆರೆದು ಆ ಒಂದು ಕಡತವನ್ನು ಅಳಿಸಿದರೆ ಎಲ್ಲ ಮೊದಲಿನಂತಾಗುತ್ತಿತ್ತು. ಫಾರ್ಮ್ಯಾಟ್ ಮಾಡಿಸಿದವರು ಕಳೆದುಕೊಂಡಿರಬಹುದಾದದ್ದೇ ಹೆಚ್ಚು.

ಇದು ನಿನ್ನೆ ಮೊನ್ನೆಯ ರೋಗವಲ್ಲ

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಅದರ ದೊಡ್ಡ ಆಕರ್ಷಣೆ ‘ಪ್ಲಗ್ ಅಂಡ್ ಪ್ಲೇ’. ಉಪಕರಣವನ್ನು ಸಿಕ್ಕಿಸಿದರೆ ಸಾಕು, ಕಂಪ್ಯೂಟರೇ ಅದನ್ನು ಗುರುತಿಸಿ ಕೆಲಸಕ್ಕೆ ಹಚ್ಚುತ್ತದೆ ಎಂಬ ಭರವಸೆ. ಹಲವು ಬಾರಿ ಹಾಗಾಗದೆ ಹೋದಾಗ ಬಳಕೆದಾರರು ಅದನ್ನು ‘ಪ್ಲಗ್ ಅಂಡ್ ಪ್ರೇ’ ಎಂದು ಗೇಲಿ ಮಾಡಿದರು. ಸಿಕ್ಕಿಸಿ, ದೇವರಲ್ಲಿ ಬೇಡಿಕೊಳ್ಳಿ!

1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಅವರ ಎದುರಿಗೇ ವಿಂಡೋಸ್ 98ರ ಪ್ರಾತ್ಯಕ್ಷಿಕೆ ನಡೆಯುತ್ತಿತ್ತು. ಸಹೋದ್ಯೋಗಿಯೊಬ್ಬರು ಒಂದು ಸ್ಕ್ಯಾನರ್ ಸಿಕ್ಕಿಸಿದರು. ತಕ್ಷಣ ದೊಡ್ಡ ಪರದೆಯ ತುಂಬ ನೀಲಿ! ಸಭೆ ಹೋ ಎಂದಿತು. ಇದಕ್ಕೇ ಇದನ್ನಿನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಮಾತು ಹೇಳಿ ಗೇಟ್ಸ್ ಪಾರಾದರು. ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬರ ಕಂಪ್ಯೂಟರಿಗೇ ಈ ಗತಿಯಾದ ಮೇಲೆ ನಮ್ಮ ನಿಮ್ಮದೇನು ದೊಡ್ಡದು? 2007ರ ಜನವರಿಯಲ್ಲಿ ವಿಂಡೋಸ್ ವಿಸ್ತಾ ಜನರ ಕೈಸೇರಿದಾಗಲೂ ಅದೇ ಕಥೆ. ಪರದೆಗೆ, ಸದ್ದಿಗೆ ಹೊಸ ಕ್ರಮಗಳು ಬಂದಿದ್ದವು, ಅದಕ್ಕೆ ತಕ್ಕ ಡ್ರೈವರುಗಳು ಸಿದ್ಧವಿರಲಿಲ್ಲ. ವಿಸ್ತಾಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಇದರ ಪಾಲು ದೊಡ್ಡದು.

ಈಗ ಮತ್ತೆ ಮನೆಮನೆಯಲ್ಲೂ ಈ ಮಾತು ಬಂದಿರುವುದಕ್ಕೆ ಕಾರಣವಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಲ್ಲಿ ನೋಂದಾಯಿಸಿಕೊಂಡವರಿಗೆ ಭದ್ರತಾ ತಿದ್ದುಪಡಿಗಳನ್ನಷ್ಟೇ ಇನ್ನೊಂದು ವರ್ಷ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ಹೀಗಾಗಿ ಬಹಳ ಮಂದಿ, ನಮ್ಮ ಹುಡುಗನ ಹಾಗೆ, 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11ರತ್ತ ಹೊರಟರು. ಅದಕ್ಕೆ ಕನಿಷ್ಠ 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ ಜಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು ಎಂಟನೇ ಪೀಳಿಗೆ ಅಥವಾ ಅದರಿಂದೀಚಿನದು ಬೇಕು. ಅಡ್ಡದಾರಿಯಲ್ಲಿ ಹಳೆಯ ಯಂತ್ರಕ್ಕೂ ಹಾಕಿಕೊಡುವವರಿದ್ದಾರೆ. ಡ್ರೈವರಿನ ತಾಪತ್ರಯ ಹೆಚ್ಚುವುದು ಅಂಥಲ್ಲೇ.

ಎರಡು ದಾರಿ, ಎರಡು ಪರಿಣಾಮ

ಹೊಸ ವ್ಯವಸ್ಥೆ ಹಾಕುವುದಕ್ಕೆ ಎರಡು ದಾರಿ. ಒಂದು, ಹಳೆಯದರ ಮೇಲೇ ಹೊಸದನ್ನು ಏರಿಸುವುದು. ಕಡತ, ತಂತ್ರಾಂಶ, ಬಹುಪಾಲು ಡ್ರೈವರುಗಳು ಉಳಿದುಕೊಳ್ಳುತ್ತವೆ. ಸರಿಬರದಿದ್ದರೆ ಹತ್ತು ದಿನಗಳೊಳಗೆ ‘ಸೆಟ್ಟಿಂಗ್ಸ್’ನ ‘ರಿಕವರಿ’ ಭಾಗಕ್ಕೆ ಹೋಗಿ ‘ಗೋ ಬ್ಯಾಕ್’ ಒತ್ತಿ ಹಳೆಯ ವ್ಯವಸ್ಥೆಗೆ ಮರಳಬಹುದು. ಆ ಹತ್ತು ದಿನ ಜಾಗ ಉಳಿಸುವ ಆಸೆಗೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಕಡತಕೋಶವನ್ನು ಅಳಿಸಬೇಡಿ. ಮರಳುವ ಸೇತುವೆ ಅದೇ.

ಇನ್ನೊಂದು, ಸಿ ಡ್ರೈವನ್ನು ಒರೆಸಿ ಹೊಚ್ಚ ಹೊಸದಾಗಿ ಹಾಕುವುದು. ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ. ಆದ್ದರಿಂದ ಹಳೆಯ ಕಂಪ್ಯೂಟರಿನಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಈ ದಾರಿಯೇ ಗತಿ. ಇಲ್ಲಿ ಹಿಂದಿರುಗುವ ಸೇತುವೆ ಇಲ್ಲ. ಹಳೆಯ ಡ್ರೈವರು, ತಂತ್ರಾಂಶ, ಅಕ್ಷರಶೈಲಿಗಳು ಎಲ್ಲವೂ ಹೋಗುತ್ತವೆ. ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಕಡತಗಳೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುವುದರಿಂದ ಅವೂ ಹೋಗುತ್ತವೆ!

ನಮ್ಮ ಹುಡುಗನ ಗೆಳೆಯ ಪೆನ್‌ಡ್ರೈವ್ ತಂದು ಮಾಡಿದ್ದು ಈ ಎರಡನೆಯದನ್ನು. ಡಿ ಡ್ರೈವನ್ನು ಮುಟ್ಟದೆ ಬಿಟ್ಟದ್ದು ಪುಣ್ಯ.

ಪತ್ತೇದಾರಿ ಕೆಲಸ

ವೈದ್ಯರು ಬಂದ ಕೂಡಲೇ ಸೂಜಿ ಚುಚ್ಚುವುದಿಲ್ಲ, ಮೊದಲು ನಾಡಿ ಹಿಡಿಯುತ್ತಾರೆ. ಕಂಪ್ಯೂಟರಿನ ನಾಡಿ ಸಿಗುವುದು ‘ಡಿವೈಸ್ ಮ್ಯಾನೇಜರ್’ನಲ್ಲಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಅದರ ಹೆಸರಿದೆ. ತೆರೆದರೆ ಯಂತ್ರದ ಅಂಗಾಂಗಗಳೆಲ್ಲ ಸಾಲಾಗಿ ಕಾಣುತ್ತವೆ. ಹಳದಿ ತ್ರಿಕೋನದಲ್ಲಿ ಆಶ್ಚರ್ಯ ಚಿಹ್ನೆ ಇದ್ದರೆ ಅಲ್ಲಿ ತೊಂದರೆ ಇದೆಯೆಂದು ಅರ್ಥ.

ಆ ಸಾಲಿನ ಮೇಲೆ ಎರಡು ಬಾರಿ ಒತ್ತಿ. ಒಂದು ಸಂಖ್ಯೆ ಕಾಣುತ್ತದೆ. ಅದು ರೋಗದ ಹೆಸರು. 28 ಎಂದಿದ್ದರೆ ಡ್ರೈವರೇ ಇಲ್ಲ, ತಂದು ಹಾಕಬೇಕು. 10 ಎಂದರೆ ಉಪಕರಣ ಶುರುವಾಗುತ್ತಿಲ್ಲ. ಡ್ರೈವರ್ ಹೊಂದುತ್ತಿಲ್ಲದಿರಬಹುದು, ಬದಲಿಸಿ ನೋಡಬೇಕು. 22 ಎಂದರೆ ಯಾರೋ ಅದನ್ನು ಆರಿಸಿಟ್ಟಿದ್ದಾರೆ, ‘ಎನೇಬಲ್’ ಒತ್ತಿದರೆ ಮುಗಿಯಿತು. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿ ದೃಢಪಡುತ್ತಿಲ್ಲ. ಬಾಗಿಲಲ್ಲಿ ನಿಂತ ಗುರುತಿನ ಚೀಟಿ ಇಲ್ಲದ ದುಭಾಷಿ ಇವನೇ. 43 ಎಂದರೆ ಉಪಕರಣವೇ ತನಗೆ ತೊಂದರೆಯಿದೆ ಎಂದು ತಿಳಿಸಿದೆ. ಇಲ್ಲಿ ಮಾತ್ರ ಯಂತ್ರವನ್ನೂ ತಂತಿಯನ್ನೂ ಸಂಶಯದಿಂದ ನೋಡಬೇಕು.

ಕೆಲವೊಮ್ಮೆ ‘ಅಪರಿಚಿತ ಉಪಕರಣ’ ಎಂದಷ್ಟೇ ಇರುತ್ತದೆ. ಹೆದರಬೇಡಿ, ಅದಕ್ಕೂ ಜಾತಕವಿದೆ. ಅದರ ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿದರೆ ತಯಾರಕರ ಗುರುತು ಸಿಗುತ್ತದೆ. ಇಂಟೆಲ್ ಸಂಸ್ಥೆಯ ಗುರುತು 8086. 1978ರಲ್ಲಿ ಅದು ಹೊರತಂದ ಹೆಸರಾಂತ ಪ್ರೊಸೆಸರಿನ ಹೆಸರೇ ಅದು! ಆ ಸಂಕೇತವನ್ನು ಬರೆದುಕೊಂಡು ಅಂತರಜಾಲದಲ್ಲಿ ಹುಡುಕಿದರೆ ಉಪಕರಣ ಯಾವುದೆಂದು ತಿಳಿಯುತ್ತದೆ.

ಆದರೆ ವೈಫೈ ಡ್ರೈವರೇ ಇಲ್ಲದಾಗ ಹುಡುಕುವುದೆಲ್ಲಿಂದ? ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಯ ಹಾಗೆ. ಅದಕ್ಕೆ ಮನೆಮದ್ದು ನಿಮ್ಮ ಮೊಬೈಲ್ ಫೋನು. ಚಾರ್ಜರಿನ ತಂತಿಯಲ್ಲೇ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ. ಆಂಡ್ರಾಯ್ಡ್ ಫೋನುಗಳಿಗೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ವಿಂಡೋಸಿನ ಜೊತೆಗೇ ಬಂದಿರುತ್ತದೆ. ಕಂಪ್ಯೂಟರಿಗೆ ಇಂಟರ್‌ನೆಟ್ ಹರಿದುಬರುತ್ತದೆ. ನಮ್ಮ ಹುಡುಗನ ಮುಖದಲ್ಲಿ ಆ ರಾತ್ರಿ ಮೊದಲ ನಗು ಮೂಡಿದ್ದು ಆಗ.

ಬಳಿಕ ‘ವಿಂಡೋಸ್ ಅಪ್‌ಡೇಟ್’ ಓಡಿಸಿ. ಅದರೊಳಗಿನ ‘ಆಪ್ಷನಲ್ ಅಪ್‌ಡೇಟ್ಸ್’ ಎಂಬಲ್ಲಿ ಡ್ರೈವರುಗಳು ಕಾದು ಕುಳಿತಿರುವುದುಂಟು. ಅಲ್ಲಿಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆ ಓದಿಕೊಂಡು ತಯಾರಕರ ಅಧಿಕೃತ ತಾಣಕ್ಕೇ ಹೋಗಿ. ಮೊದಲು ಚಿಪ್‌ಸೆಟ್, ಆಮೇಲೆ ಪರದೆ, ನಂತರ ಸದ್ದು, ವೈಫೈ. ಈ ಕ್ರಮದಲ್ಲಿ ಹಾಕಿದರೆ ಗೊಂದಲ ಕಡಿಮೆ. ‘ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆ’ ಎಂದು ಜಾಹೀರಾತು ಮಾಡುವ ಉಚಿತ ತಂತ್ರಾಂಶಗಳ ತಂಟೆಗೆ ಹೋಗಬೇಡಿ.

ಇಲ್ಲಿ ವಿದ್ಯಾರ್ಥಿಗಳು ಒಂದು ನಿಯಮ ನೆನಪಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಫಲಿತಾಂಶ ಬರೆದುಕೊಳ್ಳಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ತೊಂದರೆ ಬಗೆಹರಿದರೂ ಯಾವುದರಿಂದ ಬಗೆಹರಿಯಿತೆಂದು ತಿಳಿಯದು, ಹೆಚ್ಚಿದರೂ ಯಾವುದರಿಂದ ಹೆಚ್ಚಿತೆಂದು ತಿಳಿಯದು. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಸುವುದೂ ಇದನ್ನೇ ಅಲ್ಲವೇ?

ಲಕ್ಷಣ ನೋಡಿ ಮದ್ದು

ಸದ್ದಿಲ್ಲವೇ? ಗಡಿಯಾರದ ಬಳಿಯ ಧ್ವನಿಚಿಹ್ನೆ ಒತ್ತಿ, ಸದ್ದು ಎತ್ತ ಹೋಗುತ್ತಿದೆ ನೋಡಿ. ಎಷ್ಟೋ ಸಲ ಅದು ಸ್ಪೀಕರಿನ ಬದಲು ಮಾನಿಟರಿಗೋ ಟಿ.ವಿ.ಗೋ ಹೋಗುತ್ತಿರುತ್ತದೆ. ಸರಿಯಾದುದನ್ನು ಆರಿಸಿದರೆ ಡ್ರೈವರಿನ ಮಾತೇ ಬರುವುದಿಲ್ಲ.

ಪರದೆಯ ಅಕ್ಷರಗಳು ದಪ್ಪದಪ್ಪವಾಗಿ, ಬೆಳಕು ಹೆಚ್ಚು ಕಡಿಮೆ ಮಾಡಲು ಬಾರದಂತಾಗಿದೆಯೇ? ಡಿವೈಸ್ ಮ್ಯಾನೇಜರಿನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ, ನಿಜವಾದ ಡ್ರೈವರ್ ಬರುವ ತನಕ ಬದಲಿಯೊಬ್ಬ ಕೆಲಸ ನೋಡಿಕೊಳ್ಳುತ್ತಿದ್ದಾನೆ ಎಂದು ತಿಳಿಯಿರಿ.

ಹೊಸ ಡ್ರೈವರ್ ಹಾಕಿದ ಮೇಲೆ ಕೆಟ್ಟಿತೇ? ಅದರ ‘ಪ್ರಾಪರ್ಟೀಸ್’ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಇದೆ. ಹಿಂದಿನದು ಉಳಿದಿದ್ದರೆ ಅದಕ್ಕೇ ಮರಳುತ್ತದೆ. ಕಂಪ್ಯೂಟರೇ ಪೂರ್ತಿ ತೆರೆಯದಿದ್ದರೆ ಸೇಫ್ ಮೋಡ್‌ನಲ್ಲಿ ತೆರೆಯಿರಿ. ತೀರ ಅಗತ್ಯದ ಡ್ರೈವರುಗಳನ್ನಷ್ಟೇ ಇಟ್ಟುಕೊಂಡು ಅದು ಎದ್ದು ಕೂರುತ್ತದೆ, ಆಗ ತಂಟೆಕೋರನನ್ನು ಹೊರಗೆ ಹಾಕಬಹುದು.

ಹಳೆಯ ತಂತ್ರಾಂಶ ಓಡುತ್ತಿಲ್ಲವೇ? ಅದರ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಕಂಪ್ಯಾಟಿಬಿಲಿಟಿ’ ಪುಟ ತೆರೆದು ಹಿಂದಿನ ವಿಂಡೋಸ್ ಒಂದನ್ನು ಆರಿಸಿ. ಹೊಸ ವಿಂಡೋಸ್ ಆ ತಂತ್ರಾಂಶದ ಮುಂದೆ ತಾನು ಹಳೆಯದೆಂಬಂತೆ ನಟಿಸುತ್ತದೆ. ಆದರೆ ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳು ಮಾತ್ರ 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ.

ಯಂತ್ರವೇ ಕೆಟ್ಟಿದೆಯೇ, ಡ್ರೈವರ್ ಕೆಟ್ಟಿದೆಯೇ ಎಂಬ ಅನುಮಾನ ಬಗೆಹರಿಯುತ್ತಿಲ್ಲವೇ? ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕಿಗೆ ಏನನ್ನೂ ಬರೆಯದೆ, ಅದರಿಂದಲೇ ಕಂಪ್ಯೂಟರನ್ನು ತೆರೆದು ನೋಡಬಹುದು. ಅಲ್ಲಿ ಸದ್ದು ಬಂದರೆ ಸ್ಪೀಕರಿನಲ್ಲಿ ದೋಷವಿಲ್ಲವೆಂದಾಯಿತು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಈ ಅರ್ಧ ಗಂಟೆಯ ಪರೀಕ್ಷೆ ಎಷ್ಟೋ ಸಾವಿರ ರೂಪಾಯಿ ಉಳಿಸೀತು.

ಇನ್ನು ಪ್ರಿಂಟರ್. ನಮ್ಮ ಹುಡುಗ ಅದರ ಜೊತೆ ಬಂದಿದ್ದ ಹಳೆಯ ಸಿ.ಡಿ.ಯನ್ನು ಗೆಳೆಯನ ಮನೆಯಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು ಮೂರು ಸಲ ಹಾಕಿದ್ದ, ಮೂರೂ ಸಲ ಸೋತಿದ್ದ. ಅದರಲ್ಲಿದ್ದದ್ದು 32 ಬಿಟ್ ಡ್ರೈವರ್. 64 ಬಿಟ್ ವಿಂಡೋಸ್ 32 ಬಿಟ್ ತಂತ್ರಾಂಶಗಳನ್ನು ಓಡಿಸುತ್ತದೆ, ಆದರೆ 32 ಬಿಟ್ ಡ್ರೈವರನ್ನು ಒಳಗೆ ಸೇರಿಸುವುದಿಲ್ಲ. ತಯಾರಕರ ತಾಣದಲ್ಲಿ ಆ ಮಾದರಿಗೆ ವಿಂಡೋಸ್ 11ರ ಹೆಸರೇ ಇರಲಿಲ್ಲ. “ವಿಂಡೋಸ್ ಹತ್ತರ 64 ಬಿಟ್ ಇದೆಯಾ ನೋಡು” ಎಂದೆ. ಇತ್ತು. ಹತ್ತಕ್ಕೆ ಬರೆದ 64 ಬಿಟ್ ಡ್ರೈವರುಗಳು ಹನ್ನೊಂದರಲ್ಲೂ ಸಾಮಾನ್ಯವಾಗಿ ನಡೆಯುತ್ತವೆ. ಹಳೆಯ ನಮೂದನ್ನು ತೆಗೆದುಹಾಕಿ, ತಂತಿ ಬಿಚ್ಚಿ, ಡ್ರೈವರ್ ಹಾಕಿ, ಆಮೇಲೆ ತಂತಿ ಜೋಡಿಸಿದ. ರಾತ್ರಿ ಹನ್ನೆರಡೂಕಾಲಿಗೆ ಗರಗರ ಸದ್ದು ಫೋನಿನಲ್ಲೇ ಕೇಳಿಸಿತು.

ಅಜ್ಜನ ಅಕ್ಷರ ಎಲ್ಲಿ ಹೋಯಿತು?

ಮರುದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ಅಕ್ಕ. “ಮಾವ ಬರೆದಿಟ್ಟಿದ್ದೆಲ್ಲ ಹಾಳಾಗಿದೆ ಕಣೋ. ತೆಗೆದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರ್ತಿದೆ. ಅತ್ತೆ ಊಟಾನೇ ಬಿಟ್ಟಿದ್ದಾರೆ.”

ಇದು ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಸಂಕಟ. ಅದರ ಹಿನ್ನೆಲೆ ಹೀಗಿದೆ. ಕಂಪ್ಯೂಟರ್ ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1990ರ ದಶಕದಲ್ಲಿ ಬಳಕೆಯಲ್ಲಿದ್ದ ವಿಂಡೋಸಿನಲ್ಲಿ ಕನ್ನಡಕ್ಕೆಂದೇ ಸಂಖ್ಯೆಗಳ ಏರ್ಪಾಡಿರಲಿಲ್ಲ. ಆಗ ನಮ್ಮವರು ಒಂದು ಜಾಣ್ಮೆ ಮಾಡಿದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳಿಗೆ ಕನ್ನಡದ ರೂಪ ತೊಡಿಸುವ ಫಾಂಟುಗಳನ್ನು ಮಾಡಿದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕನ್ನಡಿಗರ ಮನೆ, ಕಚೇರಿ, ಮುದ್ರಣಾಲಯಗಳಲ್ಲಿ ಬೇರೂರಿದ್ದು ಹೀಗೆ. ಅವಿಲ್ಲದಿದ್ದರೆ ಆ ಅಜ್ಜ ಬರೆಯುತ್ತಲೇ ಇರಲಿಲ್ಲ.

ಯಕ್ಷಗಾನದ ಚೌಕಿ ನೋಡಿದ್ದೀರಲ್ಲ? ವೇಷ ಕಟ್ಟಿದರೆ ಅವನು ಅರ್ಜುನ, ಕಳಚಿದರೆ ನಮ್ಮೂರಿನವನೇ ಒಬ್ಬ. ಆ ಫಾಂಟೇ ವೇಷ. ಸಿ ಡ್ರೈವ್ ಒರೆಸಿದಾಗ ಫಾಂಟುಗಳೂ ಹೋದವು, ವೇಷ ಕಳಚಿತು. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವೇ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ ಎಲ್ಲ ಕಲಸಿದಂತೆ ಕಾಣುತ್ತದೆ. ಬರಹ ಅಳಿದಿರುವುದಿಲ್ಲ, ಬರಿಮೈಯಲ್ಲಿ ನಿಂತಿರುತ್ತದೆ ಅಷ್ಟೇ.

ಇಂಥಾಗ ಮಾಡಬಾರದ ಕೆಲಸವೆಂದರೆ ‘ಹಾಳಾಗಿದೆ’ ಎಂದು ಅಳಿಸುವುದು, ಅಥವಾ ಅರ್ಥವಾಗದೆ ಏನೋ ಬದಲಿಸಿ ಉಳಿಸುವುದು. ಮಾಡಬೇಕಾದದ್ದು ಮೂರು. ಮೊದಲು, ಕಡತದ ನಕಲಿನಲ್ಲಿ ಮಾತ್ರ ಕೆಲಸ ಮಾಡಿ. ಎರಡನೆಯದು, ಬರೆದಾಗ ಬಳಸಿದ್ದ ಫಾಂಟ್ ಯಾವುದೆಂದು ನೋಡಿ. ಅಕ್ಷರಗಳನ್ನು ಆರಿಸಿಕೊಂಡರೆ ವರ್ಡ್ ತಂತ್ರಾಂಶದ ಫಾಂಟ್ ಪಟ್ಟಿಯಲ್ಲಿ ಹಳೆಯ ಹೆಸರು ಸಾಮಾನ್ಯವಾಗಿ ಹಾಗೇ ಇರುತ್ತದೆ. ಆ ಫಾಂಟನ್ನು ಮತ್ತೆ ಸ್ಥಾಪಿಸಿದರೆ ವೇಷ ಮರಳಿ ಬರುತ್ತದೆ. ಮೂರನೆಯದು, ಇನ್ನೆಂದೂ ಈ ಗತಿ ಬಾರದಂತೆ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ.

ಯೂನಿಕೋಡ್ ಎಂದರೆ ಜಗತ್ತಿನ ಭಾಷೆಗಳಿಗೆಲ್ಲ ಸ್ವಂತ ಮನೆ ಕೊಟ್ಟ ದೊಡ್ಡ ಬಡಾವಣೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಒಂದು ಕೇರಿ ಸಿಕ್ಕಿತು. ಆ ಕೇರಿಯಲ್ಲಿ 128 ನಿವೇಶನಗಳು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. ಈಗಿನ ವಿಂಡೋಸಿನಲ್ಲಿ ‘ನಿರ್ಮಲಾ’ ಇದೆ. ತುಂಗಾ ಬೇಕೆಂದರೆ ಕನ್ನಡ ಭಾಷೆಯನ್ನು ಸೇರಿಸಿಕೊಳ್ಳಬೇಕು, ಇಲ್ಲವೇ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕರೆಸಿಕೊಳ್ಳಬೇಕು. ಕನ್ನಡ ಕೀಲಿಮಣೆಯನ್ನೂ ‘ಸೆಟ್ಟಿಂಗ್ಸ್’ನ ಭಾಷೆಯ ವಿಭಾಗದಲ್ಲಿ ಸೇರಿಸಿಕೊಳ್ಳಬಹುದು.

ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ಆದರೆ ಪರಿವರ್ತಿಸಿದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳುತ್ತದೆ. ಆ ಕೆಲಸವನ್ನು ಅಕ್ಕನ ಅತ್ತೆಯೇ ವಹಿಸಿಕೊಂಡರು. ಗಂಡನ ಬರಹವನ್ನು ಅವರು ಪೂರ್ತಿಯಾಗಿ ಓದಿದ್ದು ಅದೇ ಮೊದಲಂತೆ.

ಹೊರಡುವ ಮುನ್ನ ಬುತ್ತಿ

ತಂದೆ ತಾಯಂದಿರು ಈ ಕೆಲವನ್ನು ಬರೆದು ಗೋಡೆಗೆ ಅಂಟಿಸಿದರೂ ಅಡ್ಡಿಯಿಲ್ಲ.

* ಪರೀಕ್ಷೆ ಅಥವಾ ಪ್ರಾಜೆಕ್ಟ್ ಹತ್ತಿರವಿದ್ದಾಗ ಹೊಸ ವ್ಯವಸ್ಥೆಗೆ ಕೈಹಾಕಬೇಡಿ. ರಜೆ ಬರಲಿ.
* ಎಲ್ಲ ಕಡತಗಳ ನಕಲು ಕಂಪ್ಯೂಟರಿನ ಹೊರಗೆ ಇರಲಿ. ಅದೇ ಡಿಸ್ಕಿನ ಇನ್ನೊಂದು ಡ್ರೈವಿನಲ್ಲಿಟ್ಟದ್ದು ನಕಲಲ್ಲ.
* ವೈಫೈ, ಪರದೆ, ಪ್ರಿಂಟರುಗಳ ಡ್ರೈವರುಗಳನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ಕನ್ನಡ ಫಾಂಟುಗಳನ್ನೂ ಮರೆಯಬೇಡಿ.
* ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಬಾಗಿಲು ಮುಚ್ಚಿದರೆ ತೆರೆಯುವವರಿಲ್ಲ.
* ಅಂಗಡಿಗೆ ಕೊಡುವಾಗ ‘ಫಾರ್ಮ್ಯಾಟ್ ಮಾಡುವ ಮುನ್ನ ಕೇಳಿ’ ಎಂದು ಚೀಟಿಯಲ್ಲಿ ಬರೆಸಿ.
* ‘ನಿಮ್ಮ ಕಂಪ್ಯೂಟರಿನಲ್ಲಿ ದೋಷವಿದೆ, ಸರಿಪಡಿಸುತ್ತೇವೆ’ ಎಂದು ತಾವಾಗಿಯೇ ಫೋನು ಮಾಡುವವರು ವಂಚಕರು. ಅವರು ಹೇಳಿದ್ದನ್ನು ಇಳಿಸಬೇಡಿ, ಒ.ಟಿ.ಪಿ. ಕೊಡಬೇಡಿ.

ಶುಕ್ರವಾರ ಹುಡುಗ ರಿಪೋರ್ಟ್ ಕೊಟ್ಟ. ತಿಂಗಳ ನಂತರ ಶಿವಮೊಗ್ಗಕ್ಕೆ ಹೋದಾಗ ಅವನ ನೋಟ್‌ಬುಕ್ ನೋಡಿದೆ. ‘ವೈಫೈ, ಸಂಖ್ಯೆ 28, ಡ್ರೈವರ್ ಹಾಕಿದೆ, ಸರಿಯಾಯಿತು. ಸೌಂಡ್, ಸರಿಯಾಗಲಿಲ್ಲ, ಚಿಪ್‌ಸೆಟ್ ಆದ ಮೇಲೆ ಮತ್ತೆ ಹಾಕಿದೆ, ಸರಿಯಾಯಿತು.’ ಹೀಗೆ ಎರಡು ಪುಟ. ಮೂರನೆಯ ಪುಟದಲ್ಲಿ ಬೀದಿಯ ಇನ್ನಿಬ್ಬರ ಕಂಪ್ಯೂಟರುಗಳ ವಿವರ!

ಪಕ್ಕದಲ್ಲಿ ಸುರುಳಿ ಬೈಂಡಿಂಗ್ ಮಾಡಿಸಿದ ಒಂದು ಪುಸ್ತಕವಿತ್ತು. ಅಜ್ಜನ ನೆನಪುಗಳು, ಅದೇ ಹಳೆಯ ಪ್ರಿಂಟರಿನಲ್ಲಿ ಅಚ್ಚಾದವು. ಅಕ್ಕನ ಅತ್ತೆ ಅದನ್ನು ನನ್ನ ಕೈಗಿಟ್ಟು ಕೇಳಿದರು:

“ನಾನು ಅವತ್ತೇ ಹೇಳ್ಲಿಲ್ವಾ, ಗಾಡಿ ಸರಿಯಾಗಿದೆ ಅಂತ?”